ಡಿಎಸ್3231 ಆರ್‌ಟಿಸಿ ಮಾಡ್ಯೂಲ್ (ಝಡ್‌ಎಸ್-042): ಚಿಪ್ ಒಳ್ಳೆಯದು, ಬೋರ್ಡಿಗೆ ಕೈಕೆಲಸ ಬೇಕು

ಆರ್ಡುಯಿನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡು ಇಟ್ಟುಕೊಂಡು ಡಿಜಿಟಲ್ ಗಡಿಯಾರ ಕಟ್ಟುವವರಿಗೂ ಶಾಲೆಯ ಗಂಟೆ ತಾನಾಗಿ ಬಾರಿಸುವ ಟೈಮರ್ ಮಾಡುವವರಿಗೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಸುಲಭವಾಗಿ ಸಿಗುವುದು ನೀಲಿ ಬಣ್ಣದ ಈ ಪುಟ್ಟ ಆರ್‌ಟಿಸಿ (ರಿಯಲ್ ಟೈಮ್ ಕ್ಲಾಕ್, ಅಂದರೆ ಕರೆಂಟು ಹೋದರೂ ಸಮಯ ಎಣಿಸುತ್ತಿರುವ) ಬೋರ್ಡು. ಮೇಲೆ ಡಿಎಸ್3231 ಚಿಪ್, ಪಕ್ಕದಲ್ಲಿ 4096 ಬೈಟ್ ಹಿಡಿಸುವ ಎಟಿ24ಸಿ32 ಇಇಪ್ರಾಮ್ (ಕರೆಂಟು ಹೋದರೂ ಬರೆದದ್ದನ್ನು ಉಳಿಸುವ ಮೆಮೊರಿ), ಹಿಂಬದಿಯಲ್ಲಿ ಬಟನ್ ಸೆಲ್ ಕೂರಿಸುವ ಹೋಲ್ಡರ್, ಅಂಚಿನಲ್ಲಿ ಆರು ಪಿನ್. ಬೋರ್ಡಿನ ಮೇಲೆ ಝಡ್‌ಎಸ್-042 ಎಂದು ಅಚ್ಚಾಗಿರುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ವಾಸಿ: ಕೊಳ್ಳಿ. ಈ ಬೆಲೆಗೆ ಇಷ್ಟು ನಿಖರವಾಗಿ ಸಮಯ ಕಾಯುವ ಸಾಮಾನು ಬೇರೆ ಇಲ್ಲ. ಆದರೆ ತಂದದ್ದನ್ನು ಹಾಗೇ ಜೋಡಿಸಿಬಿಡಬೇಡಿ. ಬೋರ್ಡಿನಿಂದ ಒಂದು ರೆಸಿಸ್ಟರ್ ಕೀಳಬೇಕು, ಸಮಯವನ್ನು ಸೆಕೆಂಡು ಶುರುವಾಗುವ ಕ್ಷಣಕ್ಕೆ ಸರಿಯಾಗಿ ತುಂಬಬೇಕು, ಒಂದು ದಿನ ಜಿಪಿಎಸ್ ಪಲ್ಸಿನೊಂದಿಗೆ ತಾಳೆ ನೋಡಿ ಏಜಿಂಗ್ ರಿಜಿಸ್ಟರಿಗೆ (ಗಡಿಯಾರದ ವೇಗ ತಿದ್ದುವ ಸಂಖ್ಯೆ ಇಡುವ, ಚಿಪ್ಪಿನೊಳಗಿನ ಜಾಗ) ಒಂದು ಸಂಖ್ಯೆ ಬರೆಯಬೇಕು. ‘ಟೈಮ್ ನಿಲ್ಲೋದಿಲ್ಲ, ಮುಂದೆ ಓಡುತ್ತೆ, ಹಿಂದೆ ಬೀಳುತ್ತೆ’ ಎಂಬ ದೂರು ಬಂದಾಗ ಚಿಪ್ಪನ್ನು ಬೈಯುವ ಮೊದಲು ಈ ಮೂರು ಕಡೆ ನೋಡಬೇಕು.

ಮೊದಲು ಲೆಕ್ಕ. 1 ಪಿಪಿಎಂ ಎಂದರೆ ಹತ್ತು ಲಕ್ಷಕ್ಕೆ ಒಂದು, ದಿನಕ್ಕೆ 86.4 ಮಿಲಿಸೆಕೆಂಡು, ವರ್ಷಕ್ಕೆ ಸುಮಾರು 31.5 ಸೆಕೆಂಡು. ಗಡಿಯಾರದ 32.768 ಕಿಲೋಹರ್ಟ್ಸ್ ಹರಳು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಕಂಪಿಸುತ್ತದೆ. ಅಲ್ಲಿಂದ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ, ಅದೂ ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ: ಒಂದು ಡಿಗ್ರಿಯ ವರ್ಗಕ್ಕೆ ಸುಮಾರು 0.034 ಪಿಪಿಎಂ. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟಿದ ಕೋಣೆಯಲ್ಲಿ 15ರ ವರ್ಗ 225, ಅಂದರೆ 7.65 ಪಿಪಿಎಂ, ದಿನಕ್ಕೆ ಎರಡು ಮೂರಾಂಶ ಸೆಕೆಂಡು ಹಿಂದೆ. ಹಳೆಯ ಡಿಎಸ್1307 ಮಾಡ್ಯೂಲಿನಲ್ಲಿ ಇದಕ್ಕೆ ಮದ್ದಿಲ್ಲ. ಮೇಲಾಗಿ ಹೊರಗಿನ ಹರಳಿಗೇ ಸಾಮಾನ್ಯವಾಗಿ 20 ಪಿಪಿಎಂ ವ್ಯತ್ಯಾಸದ ರಿಯಾಯಿತಿ ಇರುತ್ತದೆ. ಅದೊಂದರಿಂದಲೇ ತಿಂಗಳಿಗೆ 50 ಸೆಕೆಂಡಿನ ಮೇಲೆ ಎಡವಟ್ಟಾಗಬಹುದು.

ಡಿಎಸ್3231 ಹರಳನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿದೆ. ಪ್ರತಿ 64 ಸೆಕೆಂಡಿಗೊಮ್ಮೆ ತನ್ನ ಉಷ್ಣತೆ ಅಳೆದು, ಹರಳಿಗೆ ಜೋಡಿಸಿದ ಕೆಪಾಸಿಟರ್‌ಗಳನ್ನು ಹೆಚ್ಚು ಕಡಿಮೆ ಮಾಡಿ ವೇಗ ಸರಿಪಡಿಸಿಕೊಳ್ಳುತ್ತದೆ. ಚಿಪ್ಪಿನ ಮೇಲೆ ಎಸ್‌ಎನ್ ಎಂದು ಬರೆದಿರುವ ಮಾದರಿಗೆ ತಯಾರಕರು ಕೊಡುವ ಭರವಸೆ 0ಯಿಂದ 40 ಡಿಗ್ರಿವರೆಗೆ 2 ಪಿಪಿಎಂ ಒಳಗೆ, ಮೈನಸ್ 40ರಿಂದ 85ರವರೆಗೆ 3.5 ಪಿಪಿಎಂ ಒಳಗೆ. ಅಂದರೆ ಮನೆಯೊಳಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ ಚಿಲ್ಲರೆ. ಬಿಸಿಲಿಗೆ ಒಡ್ಡಿದ ತಗಡಿನ ಪೆಟ್ಟಿಗೆಯಲ್ಲಿಟ್ಟರೆ ಎರಡನೆಯ ಅಂಕಿ ಲೆಕ್ಕಕ್ಕೆ ಬರುತ್ತದೆ.

ಈಗ ಬೋರ್ಡಿನ ಮುಖ್ಯ ದೋಷ. ವಿಸಿಸಿಯಿಂದ (ಬೋರ್ಡಿಗೆ ಕರೆಂಟು ಕೊಡುವ ಪಿನ್) ಒಂದು 200 ಓಮ್ ರೆಸಿಸ್ಟರ್, ಒಂದು 1ಎನ್4148 ಡಯೋಡ್ ದಾಟಿ ಕರೆಂಟು ನೇರವಾಗಿ ಸೆಲ್ಲಿಗೆ ಹೋಗುತ್ತದೆ. ಇದು ಎಲ್‌ಐಆರ್2032 ಎಂಬ ಮರುಚಾರ್ಜ್ ಆಗುವ ಸೆಲ್ಲಿಗೆಂದು ಮಾಡಿದ ಏರ್ಪಾಡು. ಅಂಗಡಿಯಲ್ಲಿ ಸಿಗುವುದೂ ಜನ ಹಾಕುವುದೂ ಸಿಆರ್2032. ಅದನ್ನು ಚಾರ್ಜ್ ಮಾಡಲೇಬಾರದು. 5 ವೋಲ್ಟಿನಲ್ಲಿ ಓಡಿಸಿದರೆ ಸೆಲ್ಲಿನ ಮೇಲೆ ಸುಮಾರು 4.4 ವೋಲ್ಟ್ ಬೀಳುತ್ತದೆ. ಉಬ್ಬುತ್ತದೆ, ಸೋರುತ್ತದೆ, ಸೋರಿದ್ದು ಚಿಪ್ಪಿನ ಕಾಲುಗಳಿಗೆ ತಾಗಿದರೆ ಗಡಿಯಾರವೂ ಕೆಟ್ಟಿತು. ಎಲ್‌ಐಆರ್2032ಕ್ಕೂ 4.2 ವೋಲ್ಟೇ ಮಿತಿ, ಹಾಗಾಗಿ ಅದಕ್ಕೂ ಇದು ಕ್ಷೇಮವಲ್ಲ.

ಪರಿಹಾರ ಸುಲಭ. ಡಯೋಡಿನ ಪಕ್ಕದಲ್ಲಿ ‘201’ ಎಂದು ಬರೆದಿರುವ ಸಣ್ಣ ರೆಸಿಸ್ಟರ್ ಹುಡುಕಿ, ಅದರ ಎರಡೂ ತುದಿಗೆ ಒಂದಿಷ್ಟು ಹೊಸ ಸೀಸ ಕೊಟ್ಟು, ಐರನ್ ತುದಿಯಿಂದ ಬದಿಗೆ ತಳ್ಳಿಬಿಡಿ. ಸೆಲ್ ಚಿಪ್ಪಿಗೆ ನೇರ ಜೋಡಣೆಯಾಗಿರುವುದರಿಂದ ಇದನ್ನು ಕಿತ್ತರೂ ಬ್ಯಾಟರಿ ಬೆಂಬಲ ಹೋಗುವುದಿಲ್ಲ. ಕಿತ್ತ ಮೇಲೆ ಸೆಲ್ ಹಾಕದೆ 5 ವೋಲ್ಟ್ ಕೊಟ್ಟು ಹೋಲ್ಡರಿನ ಎರಡು ತುದಿಗೆ ಮೀಟರ್ ಹಿಡಿಯಿರಿ. ಮೊದಲು ನಾಲ್ಕೂವರೆ ವೋಲ್ಟಿನ ಹತ್ತಿರ ತೋರಿಸುತ್ತಿದ್ದದ್ದು ಬಿದ್ದುಹೋಗಿರಬೇಕು. 3.3 ವೋಲ್ಟಿನಲ್ಲಿ ಮಾತ್ರ ಓಡಿಸುವವರಿಗೆ ಡಯೋಡ್ ದಾಟಿ 2.7 ವೋಲ್ಟ್ ಉಳಿಯುವುದರಿಂದ ಹೊಸ ಸೆಲ್ಲಿಗೆ ಚಾರ್ಜ್ ಹೋಗದು. ಆದರೂ ಕಿತ್ತುಬಿಡುವುದೇ ಲೇಸು, ನಾಳೆ ಬೋರ್ಡು ಯಾವ ಸರ್ಕ್ಯೂಟಿಗೆ ಹೋಗುತ್ತದೋ ಯಾರು ಕಂಡರು.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸುವವರು ವಿಸಿಸಿಗೆ 3.3 ವೋಲ್ಟನ್ನೇ ಕೊಡಬೇಕು. ಬೋರ್ಡಿನ 4.7 ಕಿಲೋಓಮ್ ಪುಲ್‌ಅಪ್‌ಗಳು (ತಂತಿಯನ್ನು ಮೇಲಿನ ವೋಲ್ಟಿಗೆ ಎಳೆದಿಡುವ ರೆಸಿಸ್ಟರುಗಳು) ವಿಸಿಸಿಗೆ ಕಟ್ಟಿರುತ್ತವೆ. 5 ವೋಲ್ಟ್ ಕೊಟ್ಟರೆ ಐ2ಸಿ ಎಂಬ ಎರಡು ತಂತಿಯ ಸಂಪರ್ಕದ ಎಸ್‌ಡಿಎ, ಎಸ್‌ಸಿಎಲ್ ತಂತಿಗಳಲ್ಲೂ 3.3ಕ್ಕಿಂತ ಹೆಚ್ಚು ವೋಲ್ಟ್ ಬಂದು ಪೈನ ಪಿನ್ನು ಸುಡಬಹುದು.

ಸಮಯ ತುಂಬುವಾಗಲೇ ಆಗುವ ತಪ್ಪು

ಲೈಬ್ರರಿಗಳ ಜೊತೆ ಬರುವ ಮಾದರಿ ಪ್ರೋಗ್ರಾಮುಗಳು ಕಂಪೈಲ್ ಆದ ಹೊತ್ತನ್ನೇ ಚಿಪ್ಪಿಗೆ ಬರೆಯುತ್ತವೆ. ಕಂಪೈಲ್ ಮುಗಿದು ಅಪ್‌ಲೋಡ್ ಆಗುವಷ್ಟರಲ್ಲಿ ಹಲವು ಸೆಕೆಂಡು ಕಳೆದಿರುತ್ತದೆ. ಗಡಿಯಾರ ಹುಟ್ಟುವಾಗಲೇ ಹಿಂದೆ. ಇನ್ನೂ ಕೆಟ್ಟದ್ದು, ಆ ಸಾಲನ್ನು ಯಾವ ಷರತ್ತೂ ಇಲ್ಲದೆ ಬಿಟ್ಟರೆ ಪ್ರತಿ ಸಲ ರೀಸೆಟ್ ಆದಾಗಲೂ ಅದೇ ಹಳೆಯ ಹೊತ್ತು ಮತ್ತೆ ಬರೆಯಲ್ಪಡುತ್ತದೆ. ‘ಕರೆಂಟು ಹೋಗಿ ಬಂದರೆ ಟೈಮ್ ಹಿಂದೆ ಹೋಗುತ್ತೆ’ ಎಂಬ ದೂರು ಬಂದರೆ ಮೊದಲು ಆ ಸಾಲು ನೋಡಿ, ಆಮೇಲೆ ಸೆಲ್ ನೋಡಿ.

ಹೆಕ್ಸ್ (16ರ ಲೆಕ್ಕದ ಸಂಖ್ಯೆ) 0ಎಫ್ ರಿಜಿಸ್ಟರಿನ 7ನೇ ಬಿಟ್, ಓಎಸ್‌ಎಫ್, ಆಸಿಲೇಟರ್ ಎಂದಾದರೂ ನಿಂತಿತ್ತೇ ಎಂದು ಹೇಳುತ್ತದೆ. ಪ್ರೋಗ್ರಾಮ್ ಶುರುವಾದಾಗ ಅದನ್ನು ಓದಿ. 1 ಇದ್ದರೆ ಚಿಪ್ಪಿನಲ್ಲಿರುವ ಸಮಯವನ್ನು ನಂಬಬಾರದು. ಹೊಸ ಸಮಯ ತುಂಬಿ ಆ ಬಿಟ್ಟನ್ನು 0 ಮಾಡಿ. 0 ಇದ್ದರೆ ಸಮಯ ಮುಟ್ಟಲೇಬೇಡಿ. ಈ ಒಂದು ಪರೀಕ್ಷೆ ಇಲ್ಲದ ಗಡಿಯಾರ ಸೆಲ್ ಸತ್ತ ಮೇಲೂ ಯಾವುದೋ ಸಮಯವನ್ನು ಸರಿಯಾದದ್ದೆಂಬಂತೆ ತೋರಿಸುತ್ತಲೇ ಇರುತ್ತದೆ.

ನಿಖರವಾಗಿ ತುಂಬಲು ನಿಯೋ-6ಎಂ ಜಿಪಿಎಸ್ ಮಾಡ್ಯೂಲ್ ಸಾಕು. ಅದರ ಪಿಪಿಎಸ್ (ಸೆಕೆಂಡಿಗೊಂದು ಪಲ್ಸ್) ಪಿನ್ ಪ್ರತಿ ಸೆಕೆಂಡಿನ ಆರಂಭಕ್ಕೆ ಏರುತ್ತದೆ. ಆ ಸೆಕೆಂಡು ಯಾವುದೆಂಬ ಸಾಲು ಸೀರಿಯಲ್‌ನಲ್ಲಿ ಆಮೇಲೆ ಬರುತ್ತದೆ. 9600 ಬಾಡ್‌ನಲ್ಲಿ 70 ಅಕ್ಷರದ ಸಾಲು ಬಂದು ಮುಗಿಯಲು 70 ಮಿಲಿಸೆಕೆಂಡಿನ ಮೇಲೆ ಬೇಕು. ಸಾಲು ಓದಿದ ತಕ್ಷಣ ಸಮಯ ಬರೆದರೆ ಅಷ್ಟೂ ಹಿಂದೆ ಬೀಳುತ್ತದೆ. ಸರಿಯಾದ ಕ್ರಮ ಹೀಗೆ: ಸಾಲು ಓದಿ, ಅದಕ್ಕೆ ಒಂದು ಸೆಕೆಂಡು ಕೂಡಿಸಿ, ಭಾರತೀಯ ಸಮಯಕ್ಕೆ ಐದೂವರೆ ಗಂಟೆ ಸೇರಿಸಿ, ಏಳು ಬೈಟುಗಳನ್ನೂ ಬಿಸಿಡಿ ರೂಪದಲ್ಲಿ (ಪ್ರತಿ ದಶಮಾನ ಅಂಕಿಗೆ ನಾಲ್ಕು ಬಿಟ್) ಸಿದ್ಧ ಮಾಡಿಟ್ಟುಕೊಂಡು ಮುಂದಿನ ಪಿಪಿಎಸ್ ಏರಿಕೆಗೆ ಕಾಯಿರಿ. ಏರಿದ ಕ್ಷಣ ಎಲ್ಲವನ್ನೂ ಒಂದೇ ಸಲಕ್ಕೆ ಬರೆಯಿರಿ. ಸೆಕೆಂಡಿನ ರಿಜಿಸ್ಟರಿಗೆ ಬರೆದೊಡನೆ ಚಿಪ್ಪಿನೊಳಗಿನ ಎಣಿಕೆ ಸರಪಳಿ ಸೊನ್ನೆಯಿಂದ ಶುರುವಾಗುತ್ತದೆ. ಐ2ಸಿ 100 ಕಿಲೋಹರ್ಟ್ಸ್‌ನಲ್ಲಿ ಅಲ್ಲಿಗೆ ತಲುಪಲು ಮೂರು ಬೈಟು, ಅಂದರೆ 0.3 ಮಿಲಿಸೆಕೆಂಡು. ತಡ ಅಷ್ಟೇ.

ಜಿಪಿಎಸ್‌ಗೆ ಈಗಷ್ಟೇ ಕರೆಂಟು ಕೊಟ್ಟಿದ್ದರೆ ಕಾಲು ಗಂಟೆ ಬಿಡಿ. ಜಿಪಿಎಸ್ ಸಮಯ 2017ರ ಜನವರಿ 1ರಿಂದ ಯುಟಿಸಿಗಿಂತ (ಜಾಗತಿಕ ಪ್ರಮಾಣ ಸಮಯ) 18 ಸೆಕೆಂಡು ಮುಂದಿದೆ. ಈ ಅಂತರ ಎಷ್ಟೆಂಬ ಮಾಹಿತಿಯನ್ನು ಉಪಗ್ರಹಗಳು 12.5 ನಿಮಿಷದ ಸುತ್ತಿನಲ್ಲಿ ಕಳಿಸುತ್ತವೆ. ಅದು ಬರುವವರೆಗೆ ಮಾಡ್ಯೂಲ್ ತನ್ನಲ್ಲಿರುವ ಹಳೆಯ ಅಂತರವನ್ನೇ ಬಳಸುತ್ತದೆ. ಪಲ್ಸ್ ಸರಿಯಾಗಿದ್ದರೂ ಸೆಕೆಂಡಿನ ಸಂಖ್ಯೆ ಎರಡು ಮೂರು ತಪ್ಪಿರಬಹುದು.

ಅಳೆಯುವುದು, ತಿದ್ದುವುದು

ಈ ಚಿಪ್ಪಿನ ಅಸಲಿ ಸೊಗಸು ಇರುವುದು ಇಲ್ಲಿ; ಬಳಸುವವರು ಬಹಳ ಕಡಿಮೆ. ಹೆಕ್ಸ್ 0ಇ ರಿಜಿಸ್ಟರಿಗೆ ಸೊನ್ನೆ ಬರೆದರೆ ಎಸ್‌ಕ್ಯೂಡಬ್ಲ್ಯೂ ಪಿನ್ನಿನಲ್ಲಿ ಸೆಕೆಂಡಿಗೊಂದು ಚೌಕ ಅಲೆ ಬರುತ್ತದೆ. ಸಮಯ ಬರೆದ ಅರ್ಧ ಸೆಕೆಂಡಿಗೆ ಅದು ಏರುತ್ತದೆ, ಆದ್ದರಿಂದ ಸೆಕೆಂಡು ಬದಲಾಗುವುದು ಇಳಿಯುವ ಅಂಚಿನಲ್ಲಿ. ಇದನ್ನು ನೆನಪಿಡಿ, ಮುಂದೆ ಮತ್ತೆ ಬೇಕಾಗುತ್ತದೆ.

ಆರ್ಡುಯಿನೊ ಊನೊದಲ್ಲಿ ಪಿಪಿಎಸ್ ತಂತಿಯನ್ನು 2ನೇ ಪಿನ್ನಿಗೆ, ಎಸ್‌ಕ್ಯೂಡಬ್ಲ್ಯೂ ತಂತಿಯನ್ನು 3ನೇ ಪಿನ್ನಿಗೆ ಕೊಡಿ. ಒಂದಕ್ಕೆ ಏರುವ ಅಂಚಿನ ಇಂಟರಪ್ಟ್, ಇನ್ನೊಂದಕ್ಕೆ ಇಳಿಯುವ ಅಂಚಿನದು. ಎರಡರಲ್ಲೂ ಮೈಕ್ರೋಸೆಕೆಂಡ್ ಎಣಿಕೆ ಹಿಡಿದಿಟ್ಟು ವ್ಯತ್ಯಾಸ ತೆಗೆಯಿರಿ. ಊನೊದ ಎಣಿಕೆ 4 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಹೋಗುತ್ತದೆ, ಈ ಕೆಲಸಕ್ಕೆ ಅದು ಧಾರಾಳ. ಆದರೆ ಊನೊದ ಮುಖ್ಯ ಚಿಪ್ಪು ಓಡುವುದು ಹರಳಿನಿಂದಲ್ಲ, ಸೆರಾಮಿಕ್ ರೆಸೊನೇಟರಿನಿಂದ. ಅದರ ಸೆಕೆಂಡನ್ನು ನಂಬುವಂತಿಲ್ಲ. ಒಂದು ಪಿಪಿಎಸ್‌ನಿಂದ ಮುಂದಿನ ಪಿಪಿಎಸ್‌ಗೆ ಊನೊ ಎಷ್ಟು ಎಣಿಸಿತೋ ಅದರಿಂದ ವ್ಯತ್ಯಾಸವನ್ನು ಭಾಗಿಸಿದರೆ ಆ ದೋಷ ತಾನಾಗಿ ಕಳೆದುಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಪಿಪಿಎಸ್ 3.3 ವೋಲ್ಟಿನ ಸಂಕೇತ, 5 ವೋಲ್ಟಿನ ಊನೊ ‘ಮೇಲೆ’ ಎಂದು ಒಪ್ಪಲು 3.0 ವೋಲ್ಟ್ ಬೇಕು. ತಂತಿ ಗಿಡ್ಡವಾಗಿರಲಿ, ಗ್ರೌಂಡ್ ಗಟ್ಟಿಯಾಗಿರಲಿ. ಇಲ್ಲದಿದ್ದರೆ ನಡುನಡುವೆ ಪಲ್ಸ್ ತಪ್ಪಿ ಅಂಕಿ ಹುಚ್ಚಾಪಟ್ಟೆ ಹಾರುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಶುರುವಿನಲ್ಲಿ ಎಸ್‌ಕ್ಯೂಡಬ್ಲ್ಯೂ ಇಳಿತ ಪಿಪಿಎಸ್‌ಗಿಂತ 12.4 ಮಿಲಿಸೆಕೆಂಡು ತಡ. ಸರಿಯಾಗಿ 24 ಗಂಟೆಯ ನಂತರ 185.2 ಮಿಲಿಸೆಕೆಂಡು ತಡ. ಬೆಳೆದದ್ದು 172.8, ಅದನ್ನು 86.4ರಿಂದ ಭಾಗಿಸಿದರೆ 2.0 ಪಿಪಿಎಂ ನಿಧಾನ. ಏಜಿಂಗ್ ರಿಜಿಸ್ಟರ್ ಹೆಕ್ಸ್ 10ರಲ್ಲಿದೆ. ಮೈನಸ್ 128ರಿಂದ 127ರವರೆಗೆ ಹಿಡಿಯುತ್ತದೆ, ಒಂದು ಹೆಜ್ಜೆಗೆ 25 ಡಿಗ್ರಿಯಲ್ಲಿ ಸುಮಾರು 0.1 ಪಿಪಿಎಂ. ಧನ ಸಂಖ್ಯೆ ಕೆಪಾಸಿಟರ್ ಹೆಚ್ಚಿಸಿ ಗಡಿಯಾರವನ್ನು ನಿಧಾನ ಮಾಡುತ್ತದೆ, ಋಣ ಸಂಖ್ಯೆ ವೇಗ ಹೆಚ್ಚಿಸುತ್ತದೆ. ಬಹಳ ಜನ ಎಡವುವುದು ಈ ಚಿಹ್ನೆಯಲ್ಲೇ. ನಮಗೆ ಬೇಕಾದ್ದು ಮೈನಸ್ 20, ಅಂದರೆ 256ರಲ್ಲಿ 20 ಕಳೆದು 236, ಹೆಕ್ಸ್‌ನಲ್ಲಿ ಇಸಿ. ರಿಜಿಸ್ಟರಿನಲ್ಲಿ ಮೊದಲೇ ಏನಾದರೂ ಸಂಖ್ಯೆ ಇದ್ದರೆ ಅದಕ್ಕೆ ಇದನ್ನು ಕೂಡಿಸಬೇಕು, ಅಳಿಸಿ ಬರೆಯಬಾರದು.

ಬರೆದ ಕೂಡಲೇ ಬದಲಾವಣೆ ಕಾಣುವುದಿಲ್ಲ. ಮುಂದಿನ ಉಷ್ಣತೆ ಅಳತೆಯಲ್ಲಿ ಅದು ಜಾರಿಗೆ ಬರುತ್ತದೆ. 64 ಸೆಕೆಂಡು ಕಾಯಿರಿ, ಅಥವಾ 0ಎಫ್ ರಿಜಿಸ್ಟರಿನ 2ನೇ ಬಿಟ್ ಸೊನ್ನೆ ಇರುವಾಗ 0ಇ ರಿಜಿಸ್ಟರಿನ 5ನೇ ಬಿಟ್ಟಿಗೆ 1 ಬರೆದು ಅಳತೆ ಮಾಡಿಸಿ. ಆಮೇಲೆ ಇನ್ನೊಂದು ದಿನ ತಾಳೆ ನೋಡಿ, ಉಳಿದ ಒಂದೆರಡು ಹೆಜ್ಜೆ ತಿದ್ದಿ. ಒಂದು ಗಂಟೆಯ ಅಳತೆಯಲ್ಲೇ 2 ಪಿಪಿಎಂ ದೋಷ 7.2 ಮಿಲಿಸೆಕೆಂಡಾಗಿ ಕಾಣಿಸುತ್ತದೆ, ಆದರೆ ಹಗಲು ರಾತ್ರಿಯ ಉಷ್ಣತೆ ಎರಡೂ ಸೇರಿದ ಸರಾಸರಿ ಬೇಕಾದ್ದರಿಂದ ಪೂರ್ತಿ ದಿನವೇ ಒಳ್ಳೆಯದು. ಗಡಿಯಾರ ಕೊನೆಗೆ ಎಲ್ಲಿ ಕೂರುತ್ತದೋ ಆ ಪೆಟ್ಟಿಗೆಯಲ್ಲೇ, ಡಿಸ್‌ಪ್ಲೇ ಉರಿಯುತ್ತಿರುವಾಗಲೇ ಅಳೆಯಿರಿ. ಅರ್ಧ ಪಿಪಿಎಂಗೆ ತಂದು ನಿಲ್ಲಿಸಿದರೆ ವರ್ಷಕ್ಕೆ 16 ಸೆಕೆಂಡಿನ ಮಾತು.

ಸೆಲ್ಲೂ ಹೋಗಿ ಕರೆಂಟೂ ಹೋದರೆ ಏಜಿಂಗ್ ಸಂಖ್ಯೆ ಸೊನ್ನೆಯಾಗುತ್ತದೆ. ಅದಕ್ಕೆ ಬೋರ್ಡಿನಲ್ಲಿರುವ ಇಇಪ್ರಾಮ್ ಇದೆ: ಹೆಕ್ಸ್ 57ರ ವಿಳಾಸದಲ್ಲಿ ಒಂದು ಬೈಟು ಬರೆದಿಟ್ಟು, ಓಎಸ್‌ಎಫ್ 1 ಕಂಡಾಗ ಅಲ್ಲಿಂದ ಓದಿ ಮತ್ತೆ ತುಂಬಿ. ಬರೆದ ಮೇಲೆ 10 ಮಿಲಿಸೆಕೆಂಡು ಬಿಡಬೇಕು.

ಜಿಪಿಎಸ್ ಇಲ್ಲದವರು ಎನ್‌ಟಿಪಿ (ಇಂಟರ್ನೆಟ್ಟಿನಿಂದ ಸಮಯ ಪಡೆಯುವ ವಿಧಾನ) ಮೂಲಕವೂ ತಾಳೆ ನೋಡಬಹುದು. ಭಾರತೀಯ ಕಾಲಮಾನವನ್ನು ಕಾಯುವ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವೇ ಎನ್‌ಟಿಪಿ ಸರ್ವರ್ ನಡೆಸುತ್ತದೆ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡಿನ ತೂಗಾಟ ಸಾಮಾನ್ಯ, ಹಾಗಾಗಿ ಒಂದು ದಿನ ಸಾಲದು, ಒಂದು ವಾರ ಬಿಡಿ. ವಾರಕ್ಕೆ 1 ಪಿಪಿಎಂ 605 ಮಿಲಿಸೆಕೆಂಡಾಗುತ್ತದೆ. ಆಗ ಆ ತೂಗಾಟ ಗಣನೆಗೆ ಬರುವುದಿಲ್ಲ.

ಸಮಯವನ್ನು ಗಂಟೆಗೊಮ್ಮೆ ಎನ್‌ಟಿಪಿಯಿಂದ ಬರೆಯುವ ಪ್ರೋಗ್ರಾಮುಗಳ ಬಗ್ಗೆ ಒಂದು ಮಾತು. ಸೆಕೆಂಡಿನ ನಡುವೆ ಎಲ್ಲೋ ಬರೆದರೆ ಎಣಿಕೆ ಸರಪಳಿ ಅಲ್ಲಿಂದಲೇ ಸೊನ್ನೆಯಾಗಿ ಗಡಿಯಾರ ಒಂದು ಸೆಕೆಂಡಿನೊಳಗೆ ಎಷ್ಟಾದರೂ ಹಿಂದೆ ಸರಿಯುತ್ತದೆ. ಒಳ್ಳೆಯ ಗಡಿಯಾರವನ್ನು ಗಂಟೆಗೊಮ್ಮೆ ಕೆಡಿಸಿದಂತೆ. ಹಿಂದಕ್ಕೆ ಹಾರಿದರೆ ಒಂದೇ ಸೆಕೆಂಡು ಎರಡು ಸಲ ಬರುತ್ತದೆ. 10:00:00ಕ್ಕೆ ಬಾರಿಸಬೇಕಾದ ಶಾಲೆಯ ಗಂಟೆ ಎರಡು ಸಲ ಬಾರಿಸುತ್ತದೆ. ವ್ಯತ್ಯಾಸ ಅರ್ಧ ಸೆಕೆಂಡು ಮೀರಿದರೆ ಮಾತ್ರ, ಅದೂ ಸೆಕೆಂಡಿನ ಆರಂಭಕ್ಕೆ ಕಾದು ಬರೆಯಿರಿ. ಹಾರದೆ ತಿದ್ದುವ ದಾರಿಯೂ ಉಂಟು: ಒಂದು ಸೆಕೆಂಡು ಹಿಂದಿದ್ದರೆ ಏಜಿಂಗ್ ಸಂಖ್ಯೆಯನ್ನು ಮಾಮೂಲಿಗಿಂತ 100 ಹೆಜ್ಜೆ ಕೆಳಗಿಳಿಸಿ ಒಂದು ದಿನ ಬಿಡಿ. 10 ಪಿಪಿಎಂ ವೇಗದಲ್ಲಿ ದಿನಕ್ಕೆ 0.86 ಸೆಕೆಂಡು ತಾನಾಗಿ ಕೂಡಿಕೊಳ್ಳುತ್ತದೆ. ಆಮೇಲೆ ಮೊದಲಿನ ಸಂಖ್ಯೆ ಹಾಕಿ.

ಓದುವಾಗ, ಹೊರಗೆ ಜೋಡಿಸುವಾಗ

ಗಂಟೆ, ನಿಮಿಷ, ಸೆಕೆಂಡುಗಳನ್ನು ಬೇರೆ ಬೇರೆ ಸಲ ಓದಬೇಡಿ. 10:59:59ರಲ್ಲಿ ಗಂಟೆ ಓದಿ, ಅಷ್ಟರಲ್ಲಿ ಸೆಕೆಂಡು ಉರುಳಿ, ಆಮೇಲೆ ನಿಮಿಷ ಓದಿದರೆ ಪರದೆಯ ಮೇಲೆ 10:00:00 ಕಾಣುತ್ತದೆ. ಅಪರೂಪಕ್ಕೆ ಆಗುವುದರಿಂದ ಹುಡುಕುವುದು ಕಷ್ಟ. ಸೊನ್ನೆಯ ವಿಳಾಸದಿಂದ ಏಳೂ ಬೈಟನ್ನು ಒಂದೇ ಓದಿನಲ್ಲಿ ತೆಗೆದರೆ ಚಿಪ್ ಆ ಕ್ಷಣದ ಪ್ರತಿ ಹಿಡಿದು ಕೊಡುತ್ತದೆ, ಮಧ್ಯೆ ಏನೂ ಉರುಳುವುದಿಲ್ಲ.

ಓದುತ್ತಿರುವಾಗಲೇ ಕಂಟ್ರೋಲರ್ ರೀಸೆಟ್ ಆದರೆ ಚಿಪ್ ಎಸ್‌ಡಿಎ ತಂತಿಯನ್ನು ಕೆಳಗೆ ಹಿಡಿದುಕೊಂಡೇ ಕೂರಬಹುದು. ಆಗ ಐ2ಸಿ ಸ್ತಬ್ಧವಾಗಿ ಗಡಿಯಾರ ನಿಂತಂತೆ ಕಾಣುತ್ತದೆ. ಒಳಗೆ ಸಮಯ ಓಡುತ್ತಲೇ ಇರುತ್ತದೆ. ಶುರುವಿನಲ್ಲಿ ಎಸ್‌ಡಿಎ ಕೆಳಗಿದ್ದರೆ ಎಸ್‌ಸಿಎಲ್‌ಗೆ ಒಂಬತ್ತು ಪಲ್ಸ್‌ವರೆಗೆ ಕೊಟ್ಟು, ಎಸ್‌ಡಿಎ ಮೇಲೆ ಬಂದೊಡನೆ ಸ್ಟಾರ್ಟ್ ಕಳಿಸುವ ನಾಲ್ಕು ಸಾಲು ಸೇರಿಸಿ.

ಮೈಕ್ರೋಕಂಟ್ರೋಲರ್ ಇಲ್ಲದೆ ಕೌಂಟರ್ ಐಸಿಗಳಿಂದ ಗಡಿಯಾರ ಕಟ್ಟುವವರಿಗೆ ಮೇಲೆ ಹೇಳಿದ ಇಳಿಯುವ ಅಂಚು ಮುಖ್ಯ. 7490 ಇಳಿಯುವ ಅಂಚಿಗೆ ಎಣಿಸುತ್ತದೆ, ತೊಂದರೆಯಿಲ್ಲ. 74ಎಚ್‌ಸಿ160, 4026, 4017 ಏರುವ ಅಂಚಿಗೆ ಎಣಿಸುತ್ತವೆ. ಎಸ್‌ಕ್ಯೂಡಬ್ಲ್ಯೂ ನೇರ ಕೊಟ್ಟರೆ ಪರದೆ ಸದಾ ಅರ್ಧ ಸೆಕೆಂಡು ತಡ. ಜೊತೆಗೆ ಈ ಪಿನ್ ಓಪನ್ ಡ್ರೈನ್ (ತಂತಿಯನ್ನು ಕೆಳಗೆಳೆಯಬಲ್ಲದು, ತಾನೇ ಮೇಲೆತ್ತಲಾರದು), ಏರಿಕೆ 4.7 ಕಿಲೋಓಮ್ ಮೂಲಕ ನಿಧಾನವಾಗಿ ಆಗುತ್ತದೆ. ಉದ್ದ ತಂತಿಯಲ್ಲಿ ಆ ನಿಧಾನ ಏರಿಕೆಗೆ ಗದ್ದಲ ಸೇರಿ ಒಂದು ಸೆಕೆಂಡು ಎರಡಾಗಿ ಎಣಿಕೆಯಾಗುತ್ತದೆ. ನಡುವೆ 74ಎಚ್‌ಸಿ14ರ ಒಂದು ಗೇಟ್ ಹಾಕಿ. ಅಂಚು ಚೂಪಾಗುತ್ತದೆ, ತಿರುವುಮುರುವಾಗಿ ಅರ್ಧ ಸೆಕೆಂಡಿನ ತಡವೂ ಹೋಗುತ್ತದೆ. ಎಫ್‌ಪಿಜಿಎ (ಬೇಕಾದ ಸರ್ಕ್ಯೂಟನ್ನು ಒಳಗೇ ರಚಿಸಿಕೊಳ್ಳಬಲ್ಲ ಚಿಪ್) ಬಳಸುವವರು ಈ ಸಂಕೇತವನ್ನು ಎರಡು ಫ್ಲಿಪ್‌ಫ್ಲಾಪ್ ದಾಟಿಸಿ, ಆಮೇಲೆ ಅಂಚು ಗುರುತಿಸಿ ಎಲ್ಲ ಕೌಂಟರುಗಳನ್ನೂ ಒಂದೇ ಮುಖ್ಯ ಕ್ಲಾಕಿನಿಂದ ಓಡಿಸಬೇಕು. ನೇರ ಕೊಟ್ಟರೆ ಸೆಕೆಂಡು ಸೊನ್ನೆಯಾಗಿ ನಿಮಿಷ ಏರದ ಘಟನೆಗಳು ಆಗಾಗ ಕಾಣುತ್ತವೆ.

ಕೊಳ್ಳುವಾಗ ನೋಡಬೇಕಾದ್ದು

ಅಧಿಕೃತ ವಿತರಕರಲ್ಲಿ ಬಿಡಿ ಡಿಎಸ್3231ಎಸ್‌ಎನ್ ಚಿಪ್ಪಿನ ಬೆಲೆ ಈ ಇಡೀ ಬೋರ್ಡಿಗಿಂತ ಹೆಚ್ಚು. ಹಾಗಾಗಿ ಅಗ್ಗದ ಬೋರ್ಡಿನಲ್ಲಿ ಹಳೆಯ ಉಪಕರಣದಿಂದ ಕಿತ್ತ ಚಿಪ್ಪೋ ನಕಲಿಯೋ ಇರುವ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಚಿಪ್ಪಿನ ಮೇಲೆ ಎಸ್‌ಎನ್ ಬದಲು ಎಂ ಎಂದಿದ್ದರೆ ಅದು ಹರಳಿಲ್ಲದ, ಎಂಇಎಂಎಸ್ (ಸಿಲಿಕಾನಿನಲ್ಲಿ ಕೆತ್ತಿದ ಸೂಕ್ಷ್ಮ ಕಂಪಕ) ಮಾದರಿ: ಭರವಸೆ 5 ಪಿಪಿಎಂ. ಮನೆ ಗಡಿಯಾರಕ್ಕೆ ಅದೂ ಸಾಕು, ಆದರೆ ಎಸ್‌ಎನ್ ಎಂದು ಮಾರಿದರೆ ಒಪ್ಪಬೇಡಿ. ಮೇಲಿನ ಬರಹ ಉಜ್ಜಿ ಹೋಗಿದ್ದರೆ ಹೆಕ್ಸ್ 11ರ ಉಷ್ಣತೆ ಓದುತ್ತಾ ಚಿಪ್ಪಿನ ಮೇಲೆ ಬೆರಳಿಡಿ: ಎಸ್‌ಎನ್‌ನಲ್ಲಿ ಅಂಕಿ 64 ಸೆಕೆಂಡಿಗೊಮ್ಮೆ ಮಾತ್ರ ಹೆಜ್ಜೆ ಇಡುತ್ತದೆ, ಎಂನಲ್ಲಿ ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಉಷ್ಣತೆ ಅಲುಗಾಡದೆ ಕೂತಿದ್ದರೆ ಆ ಚಿಪ್ ಬೇಡ. ಜಿಪಿಎಸ್ ಪರೀಕ್ಷೆಯಲ್ಲಿ ಹತ್ತು ಪಿಪಿಎಂ ಆಸುಪಾಸು ಬಂದರೆ ಏಜಿಂಗ್‌ನಿಂದ ಎಳೆದು ಸರಿಮಾಡಬಹುದೇನೋ, ಆದರೆ ಉಷ್ಣತೆ ಬದಲಾದಾಗ ಅದು ಹೇಗೆ ನಡೆದುಕೊಳ್ಳುತ್ತದೆಂದು ಹೇಳಲಾಗದು, ಹಿಂದಿರುಗಿಸಿ.

ಸದಾ ವೈಫೈ ಇರುವ ಕಡೆ, ಇಎಸ್‌ಪಿ32 (ವೈಫೈ ಇರುವ ಮೈಕ್ರೋಕಂಟ್ರೋಲರ್) ಗಡಿಯಾರಕ್ಕೆ ಈ ಮಾಡ್ಯೂಲ್ ಅಗತ್ಯವಿಲ್ಲ. ಕರೆಂಟೂ ನೆಟ್ಟೂ ಕೈಕೊಡುವ ಊರಿನ ಶಾಲೆ, ಪಂಪ್‌ಹೌಸ್, ಡೇಟಾ ಬರೆದಿಡುವ ಹವಾಮಾನ ಪೆಟ್ಟಿಗೆ, ಇಂಥಲ್ಲಿ ಇದಕ್ಕೆ ಸಾಟಿಯಿಲ್ಲ. ಸಿಆರ್2032 ಒಂದರಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಸೆಲ್ ಬದಲಿಸುವಾಗ ವಿಸಿಸಿ ಕರೆಂಟು ಇರುವಂತೆಯೇ ಬದಲಿಸಿ, ಆಗ ಸಮಯವೂ ಏಜಿಂಗ್ ಸಂಖ್ಯೆಯೂ ಹಾಗೇ ಉಳಿಯುತ್ತವೆ. ಹಾಕಿದ ಮೇಲೆ ಒಮ್ಮೆ ಕರೆಂಟು ತೆಗೆದು ಮತ್ತೆ ಕೊಟ್ಟು ಓಎಸ್‌ಎಫ್ ಸೊನ್ನೆಯೇ ಇದೆಯೇ ಎಂದು ನೋಡಿಕೊಳ್ಳಿ.